ಗೆಜ್ಜೆಗೆ ಬ್ಯಾಟರಿ ಬೇಕಿರಲಿಲ್ಲ

ನಿಮ್ಮ ಮನೆಯಲ್ಲಿ ಎಷ್ಟು ಬಟನ್ ಬ್ಯಾಟರಿಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ನಾಣ್ಯದ ಹಾಗೆ ಚಪ್ಪಟೆಯಾಗಿ ಹೊಳೆಯುತ್ತವಲ್ಲ, ಅವು. ಕಾರಿನ ಕೀಲಿಯಲ್ಲಿ ಒಂದು ಇರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ, ಜ್ವರ ನೋಡುವ ಥರ್ಮಾಮೀಟರಿನಲ್ಲಿ, ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಹಾಡುವ ಕಾರ್ಡಿನಲ್ಲಿ, ಕೀ ಕಳೆಯದಿರಲಿ ಎಂದು ಗೊಂಚಲಿಗೆ ಸಿಕ್ಕಿಸಿದ ಟ್ಯಾಗ್‌ನಲ್ಲಿ ಒಂದೊಂದು. ನಮ್ಮ ಮನೆಯಲ್ಲಿ ಒಟ್ಟು 17 ಸಿಕ್ಕವು. ಅವುಗಳಲ್ಲಿ 6 ಇದ್ದದ್ದು ದೀಪಾವಳಿಗೆ ಕಿಟಕಿಯಲ್ಲಿಡಲು ತಂದ ಎಲ್‌ಇಡಿ ಹಣತೆಗಳಲ್ಲಿ. ಇನ್ನು 5 ಇದ್ದದ್ದು ಬಾಗಿಲು, ಕಿಟಕಿಗಳಿಗೆ ಅಂಟಿಸಿದ ಸ್ಮಾರ್ಟ್ ಹೋಮ್ ಸೆನ್ಸರ್‌ಗಳಲ್ಲಿ.

ಈ ಸೆನ್ಸರ್‌ಗಳು ನಮ್ಮಂಥವರ ಮನೆಗೆ ಯಾಕೆ ಬರುತ್ತವೆ ಎಂದು ನಿಮಗೇ ಗೊತ್ತು. ಊರಿನ ಮನೆಯಲ್ಲಾದರೆ ಮಗು ಬಾಗಿಲು ದಾಟಿದರೆ ನೋಡಲು ನಾಲ್ಕು ಜೊತೆ ಕಣ್ಣುಗಳಿರುತ್ತಿದ್ದವು. ಇಲ್ಲಿ ನಾವಿಬ್ಬರೇ. ಒಬ್ಬರು ಮೀಟಿಂಗ್‌ನಲ್ಲಿ, ಇನ್ನೊಬ್ಬರು ಒಗ್ಗರಣೆ ಮುಂದೆ. ಹಿತ್ತಿಲ ಬಾಗಿಲು ತೆರೆದರೆ ಫೋನಿಗೆ ಸುದ್ದಿ ಬರಲಿ, ಔಷಧಿ ಕಪಾಟಿಗೆ ಪುಟ್ಟ ಕೈ ಹೋದರೆ ಗೊತ್ತಾಗಲಿ ಎಂದು ತರುತ್ತೇವೆ. ಮಗುವನ್ನು ಕಾಯಲು ತಂದ ಆ ಬಿಳಿ ಪೆಟ್ಟಿಗೆಯೊಳಗೇ ಮಗುವಿನ ಕೈಗೆ ಸಿಗಬಾರದ ವಸ್ತು ಕೂತಿರುತ್ತದೆ.

ನಾನು ಕಂಪನ ಮತ್ತು ಧ್ವನಿಯ ಮೇಲೆ ಡಾಕ್ಟರೇಟ್ ಮಾಡಿ ಈಗ ಸೆನ್ಸರ್‌ಗಳ ಸಂಶೋಧನೆಯಲ್ಲಿದ್ದೇನೆ. ಸ್ನೇಹಿತರ ಮನೆಗೆ ಊಟಕ್ಕೆ ಹೋದಾಗಲೆಲ್ಲ ಎರಡು ಪ್ರಶ್ನೆ ಕೇಳುತ್ತಾರೆ: "ಯಾವ ಸೆನ್ಸರ್ ತಗೋಬೇಕು?" ಮತ್ತು "ಇದು ನಮ್ಮ ಮಾತೆಲ್ಲ ಕೇಳಿಸ್ಕೊಳ್ಳುತ್ತಾ?" ಈ ಎರಡಕ್ಕೂ ಉತ್ತರ ಕೊಡಬಲ್ಲ ಒಂದು ಹಳೆಯ ಉಪಾಯ ಪ್ರಯೋಗಾಲಯಗಳಲ್ಲಿ ಮತ್ತೆ ಜೀವ ಪಡೆಯುತ್ತಿದೆ: ಬ್ಯಾಟರಿಯೇ ಇಲ್ಲದೆ, ನಮಗೆ ಕೇಳದಷ್ಟು ಕೀಚಲು ದನಿಯಲ್ಲಿ "ನಾನು ಅಲುಗಿದೆ" ಎನ್ನುವ ಪುಟ್ಟ ಲೋಹದ ತುಣುಕು. ಅದರ ಬಗ್ಗೆ ನಿಮಗೆ ಹೇಳಬೇಕು. ಅದಕ್ಕೂ ಮುಂಚೆ ಬ್ಯಾಟರಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಇದನ್ನು ಓದದೆ ಮುಂದೆ ಹೋಗಬೇಡಿ.

20 ಮಿಲಿಮೀಟರ್ ಅಗಲದ ಲಿಥಿಯಂ ಬಟನ್ ಬ್ಯಾಟರಿಯನ್ನು ಪುಟ್ಟ ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಒಳಗಿನ ರಾಸಾಯನಿಕ ಸೋರಿ ಸುಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಸೋರುವ ಅಗತ್ಯವೇ ಇಲ್ಲ. ಒದ್ದೆ ಅಂಗಾಂಶ ಬ್ಯಾಟರಿಯ ಎರಡೂ ಧ್ರುವಗಳನ್ನು ಮುಟ್ಟಿದೊಡನೆ ಕರೆಂಟ್ ಹರಿಯುತ್ತದೆ, ಋಣಧ್ರುವದ ಕಡೆ ತೀವ್ರವಾದ ಕ್ಷಾರ ಹುಟ್ಟುತ್ತದೆ, 2 ಗಂಟೆಯೊಳಗೇ ಗಂಭೀರ ಸುಟ್ಟಗಾಯ ಆಗಬಹುದು. ತಕ್ಕಡಿ ನಡೆಸಲಾರದಷ್ಟು ಸೋತ ಬ್ಯಾಟರಿಯಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ಮಗು ಅಳದೆಯೂ ಇರಬಹುದು. ಜೊಲ್ಲು ಹೆಚ್ಚಾಗುವುದು, ಊಟ ಬೇಡವೆನ್ನುವುದು, ಅಷ್ಟೇ ಕಾಣಿಸಬಹುದು. ಕೆಲವು ಸಲ ಅದೂ ಕಾಣದು.

ಟೆಕ್ಸಸ್‌ನಲ್ಲಿ ರೀಸ್ ಎಂಬ ಒಂದೂವರೆ ವರ್ಷದ ಮಗು ಹೀಗೆ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ತಾಯಿಯ ಹೋರಾಟದಿಂದ 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನು ಬಂತು. ಈಗ ಅಲ್ಲಿ ಬ್ಯಾಟರಿಯ ಮುಚ್ಚಳ ತೆಗೆಯಲು ಸ್ಕ್ರೂ ಡ್ರೈವರಿನಂಥ ಉಪಕರಣವಾದರೂ ಬೇಕು, ಇಲ್ಲವೇ ಒಟ್ಟಿಗೆ ಎರಡು ಬೇರೆ ಬೇರೆ ರೀತಿ ಕೈಯಾಡಿಸಬೇಕಾಗುವಂತೆ ಇರಬೇಕು. ಆಸ್ಟ್ರೇಲಿಯಾದಲ್ಲಿ ಇಂಥ ಕಡ್ಡಾಯ ನಿಯಮ 2022ರ ಜೂನ್‌ನಿಂದಲೇ ಇದೆ. ಆದರೆ ಊರಿಂದ ತಂದ ಆಟಿಕೆ, ಅಗ್ಗದ ಹಣತೆ, ಆನ್‌ಲೈನ್‌ನಲ್ಲಿ ತರಿಸಿದ ಹೆಸರಿಲ್ಲದ ಸೆನ್ಸರ್ ಈ ಕಾನೂನನ್ನು ಪಾಲಿಸಿಯೇ ಬಂದಿರುತ್ತವೆ ಎಂದುಕೊಳ್ಳಬೇಡಿ.

ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ಎಮರ್ಜೆನ್ಸಿಗೆ ಕೂಡಲೇ ಹೊರಡಿ. ವಾಂತಿ ಮಾಡಿಸಬೇಡಿ. ಬ್ಯಾಟರಿ ನುಂಗಿ 12 ಗಂಟೆಯೊಳಗಾಗಿದ್ದು, ಮಗುವಿಗೆ 1 ವರ್ಷ ತುಂಬಿದ್ದು, ಅದು ನುಂಗಬಲ್ಲ ಸ್ಥಿತಿಯಲ್ಲಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ 6 ಸಲ ಎಂದು ಅಮೆರಿಕದ ವಿಷ ಮಾಹಿತಿ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಜೇನು ಗಾಯವನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಅದನ್ನು ಹುಡುಕುತ್ತಾ ತಡಮಾಡಬಾರದು. ಅಮೆರಿಕದಲ್ಲಿ 1-800-222-1222, ಆಸ್ಟ್ರೇಲಿಯಾದಲ್ಲಿ 13 11 26 ನಂಬರನ್ನು ಫ್ರಿಜ್ ಮೇಲೆ ಬರೆದಿಡಿ. ಬೇರೆ ದೇಶದಲ್ಲಿರುವವರು ನಿಮ್ಮ ಊರಿನ ತುರ್ತು ನಂಬರನ್ನು.

ಈಗ ಬಾಗಿಲಿಗೆ ಬರೋಣ.

ಬಾಗಿಲು ತೆರೆಯಿತು ಎಂದು ಹೇಳಲು ಬ್ಯಾಟರಿ ಯಾಕೆ ಬೇಕು? ಬಾಗಿಲನ್ನು ತಳ್ಳುವ ಕೈಯೇ ಶಕ್ತಿ ಕೊಡುತ್ತಿದೆಯಲ್ಲ? ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಅಂಬೆಗಾಲಿಡುವ ಮಗುವಿನ ಕಾಲಿಗೆ ಗೆಜ್ಜೆ ಕಟ್ಟುವುದು ಚಂದಕ್ಕಷ್ಟೇ ಆಗಿರಲಿಲ್ಲ. ಒಳಗೆ ರೊಟ್ಟಿ ತಟ್ಟುತ್ತಿದ್ದವರಿಗೆ ಮಗು ಜಗಲಿಯಲ್ಲಿದೆಯೋ ಬಾವಿಕಟ್ಟೆಯ ಕಡೆ ಹೊರಟಿತೋ ಎಂದು ಆ ಗಲ್ ಗಲ್ ಸದ್ದೇ ಹೇಳುತ್ತಿತ್ತು. ಸದ್ದು ನಿಂತರೂ ಎದ್ದು ಬಂದು ನೋಡುತ್ತಿದ್ದರು. ಮಲೆನಾಡಿನಲ್ಲಿ ಕಾಡಿಗೆ ಮೇಯಲು ಬಿಟ್ಟ ದನದ ಕೊರಳ ಗಂಟೆಯೂ ಇದೇ ಕೆಲಸ ಮಾಡುತ್ತದೆ. ಒಂದೊಂದು ಗಂಟೆಯ ದನಿ ಒಂದೊಂದು ಥರ ಇರುವುದರಿಂದ ಇದು ನಮ್ಮ ಗೌರಿ, ಅದು ಪಕ್ಕದ ಮನೆಯ ಕೌಲಿ ಎಂದು ಕಣ್ಣಿಗೆ ಕಾಣದೆಯೇ ಗುರುತಿಸುತ್ತಾರೆ. ಇನ್ನು ಕುಕ್ಕರ್! ಒಳಗಿನ ಒತ್ತಡ ಇಷ್ಟಾಯಿತು ಎಂದು ಆ ಒತ್ತಡದ ಶಕ್ತಿಯಿಂದಲೇ ಕೂಗಿ ಹೇಳುವ ಯಂತ್ರ. ಬೇಳೆಗೆ ಮೂರು ವಿಷಲ್ ಎಂದು ನೀವು ಎಣಿಸುವಾಗ ಬ್ಯಾಟರಿ ಇಲ್ಲದ ಸೆನ್ಸರ್ ಒಂದರಿಂದ ಮಾಹಿತಿ ಓದುತ್ತಿದ್ದೀರಿ.

ತೊಂದರೆ ಎಂದರೆ ಗದ್ದಲ. ಮನೆಯ ಪ್ರತಿ ಬಾಗಿಲು, ಡ್ರಾಯರು, ನಲ್ಲಿಗೂ ಗೆಜ್ಜೆ ಕಟ್ಟಿದರೆ ಮನೆ ಜಾತ್ರೆಯಾಗುತ್ತದೆ. ಹಾಗಾದರೆ ಗೆಜ್ಜೆಯ ದನಿಯನ್ನು ನಮ್ಮ ಕಿವಿಗೆ ಎಟುಕದಷ್ಟು ಮೇಲಕ್ಕೆ ಏರಿಸಿಬಿಟ್ಟರೆ?

ಏರಿಸುವುದು ಹೇಗೆ ಎಂದು ತಿಳಿಯಲು ಒಂದು ಉಕ್ಕಿನ ಸ್ಕೇಲ್ ಸಾಕು. ಮಕ್ಕಳನ್ನೂ ಕರೆಯಿರಿ. ಸ್ಕೇಲನ್ನು ಮೇಜಿನ ಅಂಚಿನಲ್ಲಿಟ್ಟು, ಒಂದು ಭಾಗ ಹೊರಗೆ ಚಾಚಿರುವಂತೆ ಗಟ್ಟಿಯಾಗಿ ಒತ್ತಿ ಹಿಡಿದು, ತುದಿಯನ್ನು ಮೀಟಿ. ಉದ್ದ ಬಿಟ್ಟರೆ ಗುರ್ರ್ ಎನ್ನುತ್ತದೆ, ಒಳಗೆ ಎಳೆದಂತೆಲ್ಲ ದನಿ ಕೀಚಲಾಗುತ್ತದೆ. ಇದರ ಲೆಕ್ಕ ಸೊಗಸಾಗಿದೆ. ಹೊರಗಿರುವ ಉದ್ದ ಅರ್ಧವಾದರೆ ಸೆಕೆಂಡಿಗೆ ನಡುಗುವ ಸಂಖ್ಯೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ನಾವು ಶಾಲೆಯಲ್ಲಿ ಆವೃತ್ತಿ ಎಂದು ಓದಿದ್ದು ಈ ಸಂಖ್ಯೆಯನ್ನೇ. 1 ಮಿಲಿಮೀಟರ್ ದಪ್ಪದ ಉಕ್ಕಿನ ಸ್ಕೇಲ್ 20 ಸೆಂಟಿಮೀಟರ್ ಹೊರಗಿದ್ದರೆ ಸೆಕೆಂಡಿಗೆ ಸರಿಸುಮಾರು 20 ಸಲ ನಡುಗುತ್ತದೆ. 10 ಸೆಂಟಿಮೀಟರಿಗೆ 80, 5 ಸೆಂಟಿಮೀಟರಿಗೆ 320. ಹೀಗೇ ಕುಗ್ಗಿಸುತ್ತಾ ಸುಮಾರು 6 ಮಿಲಿಮೀಟರಿಗೆ ತಂದರೆ 20,000 ದಾಟುತ್ತದೆ. ಮನುಷ್ಯನ ಕಿವಿಯ ಕೆಳಗಿನ ಗಡಿ 20, ಮೇಲಿನ ಗಡಿ 20,000. ನಮ್ಮ ಇಡೀ ಶ್ರವಣಲೋಕ ಒಂದು ಸ್ಕೇಲಿನ ಮೇಲೆ, 20 ಸೆಂಟಿಮೀಟರಿನಿಂದ ಕಾಳುಮೆಣಸಿನಷ್ಟು ಅಗಲದವರೆಗೆ! ಕೊನೆಯ ಮೆಟ್ಟಿಲನ್ನು ಕೈಯಲ್ಲಿ ಒತ್ತಿ ಹಿಡಿದು ಮಾಡಲಾಗುವುದಿಲ್ಲ, ಅದಕ್ಕೆ ಯಂತ್ರದ ಹಿಡಿತ ಬೇಕು. ಆದರೆ ಅಷ್ಟು ಗಿಡ್ಡ ಲೋಹದ ನಾಲಿಗೆಯನ್ನು ಬಾಗಿಲಿನ ಸಂದಿಯಲ್ಲಿ ಕೂರಿಸಿ, ಬಾಗಿಲು ಸರಿದಾಗ ಒಂದು ಹಲ್ಲು ಅದನ್ನು ಮೀಟುವಂತೆ ಮಾಡಿದರೆ ನಮ್ಮ ಸದ್ದಿಲ್ಲದ ಗೆಜ್ಜೆ ಸಿದ್ಧ. ಕನ್ನಡದಲ್ಲಿ ಈ ಸದ್ದಿಗೆ ಶ್ರವಣಾತೀತ ಧ್ವನಿ ಎಂಬ ಹೆಸರಿದೆ. ಶ್ರವಣ ಎಂದರೆ ಕೇಳುವುದು, ಅತೀತ ಎಂದರೆ ಮೀರಿದ್ದು. ಒಡೆದು ಹೇಳಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುವ ಪದ.

ಟಿವಿಯ ಮುಂದೆ ಟಿಕ್ ಎಂದ ಸಲಾಕೆ

ಇದು ಹೊಸ ಯೋಚನೆ ಎಂದುಕೊಳ್ಳಬೇಡಿ. ಎಪ್ಪತ್ತು ವರ್ಷದ ಹಿಂದೆ ಅಮೆರಿಕದ ಮನೆಮನೆಗಳಲ್ಲಿ ಬ್ಯಾಟರಿ ಇಲ್ಲದ ಶ್ರವಣಾತೀತ ಸಾಧನವೊಂದು ಸೋಫಾ ಮೇಲೆ ಬಿದ್ದಿರುತ್ತಿತ್ತು.

ಶಿಕಾಗೋದ ಝೆನಿತ್ ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್‌ಗೆ ಟಿವಿ ಜಾಹೀರಾತು ಕಂಡರಾಗುತ್ತಿರಲಿಲ್ಲ. ಕೂತಲ್ಲಿಂದಲೇ ಅದರ ಬಾಯಿ ಮುಚ್ಚಿಸುವ ಸಾಧನ ಬೇಕಿತ್ತು. 1950ರಲ್ಲಿ ವೈರ್ ಇರುವ ರಿಮೋಟ್ ಬಂತು, ಜನ ವೈರಿಗೆ ಎಡವಿದರು. 1955ರಲ್ಲಿ ಬೆಳಕಿನಿಂದ ನಡೆಯುವ ಫ್ಲ್ಯಾಶ್‌ಮ್ಯಾಟಿಕ್ ಬಂತು. ಟಿವಿಯ ನಾಲ್ಕು ಮೂಲೆಗಳಲ್ಲಿ ಬೆಳಕು ಗುರುತಿಸುವ ಕಣ್ಣುಗಳು, ಕೈಯಲ್ಲಿ ಟಾರ್ಚು. ಸಂಜೆ ಕಿಟಕಿಯಿಂದ ಬಿಸಿಲು ಬಿದ್ದರೆ ಚಾನೆಲ್ ತಾನಾಗಿಯೇ ತಿರುಗುತ್ತಿತ್ತು.

ಆಗ ಆ ಕೆಲಸ ರಾಬರ್ಟ್ ಆ್ಯಡ್ಲರ್ ಕೈಗೆ ಬಂತು. ವಿಯೆನ್ನಾದಲ್ಲಿ ಹುಟ್ಟಿ ಅಲ್ಲೇ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ಬಂದಿದ್ದ ವಿಜ್ಞಾನಿ. ಅವರ ಮುಂದೆ ಎರಡು ಷರತ್ತುಗಳಿದ್ದವು, ಎರಡೂ ಇವತ್ತಿನ ನಮ್ಮ ಷರತ್ತುಗಳೇ. ರೇಡಿಯೋ ಬಳಸೋಣವೆಂದರೆ ಅದು ಗೋಡೆ ದಾಟಿ ಹೋಗುತ್ತದೆ, ಪಕ್ಕದ ಮನೆಯ ಟಿವಿಯೂ ತಿರುಗುತ್ತದೆ. ಬ್ಯಾಟರಿ ಬಳಸೋಣವೆಂದರೆ ಮಾರಾಟ ವಿಭಾಗದವರು ಒಪ್ಪಲಿಲ್ಲ: ಬ್ಯಾಟರಿ ಮುಗಿದ ದಿನ ಗಿರಾಕಿ ಟಿವಿಯೇ ಕೆಟ್ಟಿತೆಂದು ತಿಳಿಯುತ್ತಾನೆ ಎಂದರು. ಆ್ಯಡ್ಲರ್ ಪೆಟ್ಟಿಗೆಯೊಳಗೆ ನಾಲ್ಕು ಅಲ್ಯೂಮಿನಿಯಂ ಸಲಾಕೆಗಳನ್ನಿಟ್ಟರು, ಪ್ರತಿ ಗುಂಡಿಗೂ ಒಂದು ಸ್ಪ್ರಿಂಗ್ ಸುತ್ತಿಗೆ. ಗುಂಡಿ ಒತ್ತಿದರೆ ಸುತ್ತಿಗೆ ಸಲಾಕೆಯ ತುದಿಗೆ ಬಡಿಯುತ್ತದೆ, ಸಲಾಕೆ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುತ್ತದೆ, ಟಿವಿ ಅದನ್ನು ಕೇಳಿಸಿಕೊಳ್ಳುತ್ತದೆ. ನಾಲ್ಕರ ಉದ್ದವೂ ಒಂದಿಷ್ಟೇ ಬೇರೆ, ಆದ್ದರಿಂದ ದನಿಯೂ ಬೇರೆ. ಆನ್-ಆಫ್ ಒಂದು, ಸದ್ದಿಗೆ ಒಂದು, ಚಾನೆಲ್ ಮುಂದಕ್ಕೆ ಒಂದು, ಹಿಂದಕ್ಕೆ ಒಂದು. ದನದ ಕೊರಳ ಗಂಟೆಯ ಲೆಕ್ಕವೇ!

ಸಲಾಕೆಯ ಉದ್ದವನ್ನು ನೀವೇ ಕಂಡುಹಿಡಿಯಬಹುದು. ಅಲ್ಯೂಮಿನಿಯಂ ಸಲಾಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. ಒಂದು ಕಂಪನ ಎಂದರೆ ತುದಿಯಿಂದ ತುದಿಗೆ ಹೋಗಿ ವಾಪಸ್ ಬರುವುದು. ಸೆಕೆಂಡಿಗೆ 40,000 ಸಲ ಹೋಗಿಬರಬೇಕಾದರೆ 5,000ವನ್ನು 40,000ದಿಂದ ಭಾಗಿಸಿ, ಮತ್ತೆ ಅರ್ಧ ಮಾಡಿ. 6.25 ಸೆಂಟಿಮೀಟರ್, ಅಂದರೆ ಎರಡೂವರೆ ಇಂಚು. ಆ್ಯಡ್ಲರ್ ಇಟ್ಟದ್ದೂ ಸುಮಾರು ಅಷ್ಟೇ ಉದ್ದದ ಸಲಾಕೆಗಳನ್ನು. ಹೈಸ್ಕೂಲಿನ ಮಗ ಅಥವಾ ಮಗಳಿದ್ದರೆ ಉತ್ತರ ಹೇಳದೆ ಲೆಕ್ಕ ಕೊಟ್ಟು ನೋಡಿ.

1956ರಲ್ಲಿ ಸ್ಪೇಸ್ ಕಮಾಂಡ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಕೈಯಲ್ಲಿದ್ದ ಪೆಟ್ಟಿಗೆ ಸರಳ, ಕಷ್ಟವೆಲ್ಲ ಕೇಳಿಸಿಕೊಳ್ಳುವ ಟಿವಿಗೆ. ಅದಕ್ಕೆ 6 ಹೆಚ್ಚುವರಿ ವ್ಯಾಕ್ಯೂಮ್ ಟ್ಯೂಬ್‌ಗಳು ಬೇಕಾದವು, ಟಿವಿಯ ಬೆಲೆ ಶೇ. 30ರಷ್ಟು ಏರಿತು. ಕೀ ಗೊಂಚಲು ಅಲುಗಿದರೆ ಒಮ್ಮೊಮ್ಮೆ ಚಾನೆಲ್ ಬದಲಾಗುತ್ತಿತ್ತು, ಕೀಲಿಗಳ ಝಣಝಣದಲ್ಲಿ ನಮಗೆ ಕೇಳದ ದನಿಗಳೂ ತುಂಬಿರುತ್ತವೆ ನೋಡಿ. ಆದರೂ ಬೇರೆ ಕಂಪನಿಗಳೂ ಸೇರಿ 25 ವರ್ಷಗಳಲ್ಲಿ ಶ್ರವಣಾತೀತ ರಿಮೋಟ್ ಇರುವ 90 ಲಕ್ಷಕ್ಕೂ ಹೆಚ್ಚು ಟಿವಿಗಳು ಮಾರಾಟವಾದವು. ಆಮೇಲೆ ಟ್ರಾನ್ಸಿಸ್ಟರ್ ಬಂದು ರಿಮೋಟಿಗೆ ಬ್ಯಾಟರಿ ಹೊಕ್ಕಿತು. 1980ರ ದಶಕದಲ್ಲಿ ಇನ್‌ಫ್ರಾರೆಡ್ ಬಂದು ಸಲಾಕೆಗಳ ಕಥೆ ಮುಗಿಯಿತು. ಆ್ಯಡ್ಲರ್ 2007ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದ ಹಳಬರು ರಿಮೋಟನ್ನು ಇಂದಿಗೂ ಕ್ಲಿಕರ್ ಎನ್ನುವುದು ಆ ಸುತ್ತಿಗೆಯ ಟಿಕ್ ಸದ್ದಿನಿಂದಾಗಿ.

ಈಗ ಯಾಕೆ ಮತ್ತೆ?

ಆಗ ದುಬಾರಿಯಾಗಿದ್ದ ಕಿವಿ ಈಗ ಅಗ್ಗವಾಗಿದೆ. 6 ಟ್ಯೂಬ್‌ಗಳ ಜಾಗದಲ್ಲಿ ಅಕ್ಕಿಕಾಳಿನ ಗಾತ್ರದ ಮೈಕ್ರೊಫೋನ್ ಇದೆ. ಯಾವ ಯಾವ ಆವೃತ್ತಿಯ ದನಿ ಎಷ್ಟು ಜೋರಾಗಿದೆ ಎಂದು ಕ್ಷಣಾರ್ಧದಲ್ಲಿ ಲೆಕ್ಕ ಹಾಕುವ ಚಿಪ್‌ಗಳಿವೆ. ಮೀಟಿದ ಲೋಹದ ದನಿ ಥಟ್ಟನೆ ಏರಿ, ಒಂದೇ ಆವೃತ್ತಿಯಲ್ಲಿ ನಿಂತು, ನಿಧಾನವಾಗಿ ಇಳಿಯುತ್ತದೆ. ಕೀ ಗೊಂಚಲಿನದು ಹತ್ತಾರು ಆವೃತ್ತಿಗಳ ಗಲಾಟೆ. ಈ ವ್ಯತ್ಯಾಸವನ್ನು ಇಂದಿನ ಪ್ರೋಗ್ರಾಂ ಬಲುಮಟ್ಟಿಗೆ ಗುರುತಿಸಬಲ್ಲದು. ಹಾಗಾಗಿ ಫ್ರಿಜ್‌ಗೆ ಒಂದು ದನಿ, ಔಷಧಿ ಕಪಾಟಿಗೆ ಒಂದು, ಹಿತ್ತಿಲ ಬಾಗಿಲಿಗೆ ಒಂದು ಎಂದು ಲೋಹದ ತುಣುಕುಗಳನ್ನು ಅಂಟಿಸಿ, ಕೋಣೆಗೊಂದು ಕಿವಿ ಇಟ್ಟರೆ ಸಾಕು. ತುಣುಕಿನಲ್ಲಿ ಚಿಪ್ ಇಲ್ಲ, ವೈರ್ ಇಲ್ಲ, ಬದಲಾಯಿಸುವಂಥದ್ದು ಏನೂ ಇಲ್ಲ.

ಇದೇ ಗುರಿಗೆ ಬೇರೆ ದಾರಿಗಳೂ ಇವೆ. ಜರ್ಮನಿಯಲ್ಲಿರುವ ಓದುಗರು ಎನ್‌ಓಷನ್ ಹೆಸರು ಕೇಳಿರಬಹುದು. ಸೀಮೆನ್ಸ್‌ನಿಂದ 2001ರಲ್ಲಿ ಕವಲೊಡೆದ ಮ್ಯೂನಿಕ್ ಬಳಿಯ ಕಂಪನಿ. ಅವರ ಸ್ವಿಚ್ಚನ್ನು ಒತ್ತುವ ಬೆರಳಿನ ಶಕ್ತಿಯೇ ಕರೆಂಟಾಗಿ ರೇಡಿಯೋ ಸಂದೇಶ ಕಳಿಸುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ 3ಡಿ ಪ್ರಿಂಟರ್‌ನಿಂದ ಪ್ಲಾಸ್ಟಿಕ್ ಹಲ್ಲುಗಾಲಿ, ಸ್ಪ್ರಿಂಗ್‌ಗಳನ್ನು ಮಾಡಿ, ಮನೆಯ ವೈಫೈ ಅಲೆಗಳನ್ನೇ ಪ್ರತಿಫಲಿಸಿ ಸುದ್ದಿ ಕಳಿಸುವ ಸಾಧನಗಳನ್ನು ತೋರಿಸಿದರು. ಎರಡೂ ಚೆನ್ನಾಗಿವೆ. ಆದರೆ ಎರಡೂ ರೇಡಿಯೋ, ಗೋಡೆ ದಾಟುತ್ತವೆ. ಶ್ರವಣಾತೀತ ಧ್ವನಿ ಗೋಡೆಗೆ ಬಡಿದು ವಾಪಸ್ಸಾಗುತ್ತದೆ, ಕೋಣೆಯ ಮಾತು ಕೋಣೆಯಲ್ಲೇ ಉಳಿಯುತ್ತದೆ. ಆ್ಯಡ್ಲರ್‌ಗೆ ಹಿಡಿಸಿದ್ದೂ ಇದೇ ಗುಣ, ನನಗೂ ಇದೇ.

ಕಿವಿ ಎಂದರೆ ಮಾತೂ ಕೇಳುತ್ತದಲ್ಲ?

ಇಲ್ಲಿ ನೀವು ಅನುಮಾನಪಡುವುದು ಸರಿ. ಇನ್ನೊಂದು ಮೈಕ್ರೊಫೋನ್ ಮನೆಗೆ ತರುವುದೇ? ಅಲೆಕ್ಸಾದಲ್ಲಿ ಮಕ್ಕಳ ದನಿಯ ರೆಕಾರ್ಡಿಂಗ್‌ಗಳನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿತು, ಅಳಿಸಿ ಎಂದ ಪಾಲಕರ ಕೋರಿಕೆಯನ್ನು ಪೂರ್ತಿ ಪಾಲಿಸಲಿಲ್ಲ ಎಂಬ ಆರೋಪಕ್ಕೆ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಶ್ರವಣಾತೀತ ಧ್ವನಿಯ ದುರ್ಬಳಕೆಯ ಭಯವೂ ಹೊಸತಲ್ಲ. ಭಾರತದಲ್ಲಿ ಹುಟ್ಟಿದ ಸಿಲ್ವರ್‌ಪುಶ್ ಕಂಪನಿಯ ತಂತ್ರದಲ್ಲಿ ಟಿವಿ ಜಾಹೀರಾತಿನೊಳಗೆ ಕೇಳದ ದನಿಯೊಂದನ್ನು ಅಡಗಿಸಿಡಬಹುದಿತ್ತು. ಫೋನಿನ ಆ್ಯಪ್ ಅದನ್ನು ಕೇಳಿ ನೀವು ಏನು ನೋಡಿದಿರಿ ಎಂದು ತಿಳಿಯಬಹುದಿತ್ತು. 2016ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕೋಡ್ ಸೇರಿಸಿಕೊಂಡಿದ್ದ 12 ಆ್ಯಪ್ ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆಯಿತು.

"ನಾವು ಮನೇಲಿ ಕನ್ನಡ ಮಾತಾಡೋದು, ಅದಕ್ಕೇನು ಅರ್ಥ ಆಗುತ್ತೆ ಬಿಡಿ" ಎಂದು ನಗುವ ಸ್ನೇಹಿತರಿದ್ದಾರೆ. ಆ ಧೈರ್ಯ ಬೇಡ. ಯಂತ್ರಗಳು ಕನ್ನಡ ಕಲಿಯುತ್ತಿವೆ, ನಮ್ಮ ಕೆಲವು ಮಕ್ಕಳಿಗಿಂತ ಬೇಗ ಕಲಿಯುತ್ತಿವೆ. ಇವತ್ತು ಅರ್ಥವಾಗದ ರೆಕಾರ್ಡಿಂಗ್ ಉಳಿದಿದ್ದರೆ ನಾಳೆ ಅರ್ಥವಾಗುತ್ತದೆ. ಅಜ್ಜಿಯೊಂದಿಗಿನ ಫೋನು, ಗಂಡ-ಹೆಂಡಿರ ವೀಸಾ ಚಿಂತೆ, ಮಗು ಮಲಗುವ ಮುಂಚೆ ಹೇಳುವ ಗುಟ್ಟು, ಎಲ್ಲ ಮನೆಮಾತಿನಲ್ಲೇ ನಡೆಯುವಂಥವು.

ಶ್ರವಣಾತೀತ ಸೆನ್ಸರ್‌ನ ಕಿವಿಯನ್ನು ಮಾತು ಕೇಳದಂತೆಯೇ ಕಟ್ಟಬಹುದು. ಮಾತಿನ ಅರ್ಥ ಹೊರುವ ದನಿಯೆಲ್ಲ ಹೆಚ್ಚುಕಡಿಮೆ 8,000 ಹರ್ಟ್ಜ್‌ನ ಕೆಳಗಿರುತ್ತದೆ. ನಮ್ಮ ಲೋಹದ ತುಣುಕು ಹಾಡುವುದು 20,000ದ ಮೇಲೆ. ನಡುವೆ ಅಷ್ಟು ದೊಡ್ಡ ಬಯಲಿದೆ. ಮೈಕ್ರೊಫೋನಿನ ಪಕ್ಕದಲ್ಲೇ ಜರಡಿಯಂಥ ಸರ್ಕ್ಯೂಟ್ ಇಟ್ಟು ಕೆಳಗಿನದ್ದನ್ನೆಲ್ಲ ತಡೆದರೆ ಮಾತು ಕಂಪ್ಯೂಟರ್‌ಗೆ ತಲುಪುವ ಮುಂಚೆಯೇ ಇಲ್ಲವಾಗುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರೈವಸಿಮೈಕ್ ಎಂಬ ಸಾಧನದಲ್ಲಿ ಇದನ್ನು ಮಾಡಿ ತೋರಿಸಿದರು. ನಮಗೆ ಕೇಳುವ ದನಿಯನ್ನೆಲ್ಲ ಕಿತ್ತುಹಾಕಿ, ಕೇಳದ ದನಿಯನ್ನು ಮಾತ್ರ ಆಲಿಸಿ, ನಲ್ಲಿ ಹರಿಯುತ್ತಿದೆ, ಹಲ್ಲುಜ್ಜುತ್ತಿದ್ದಾರೆ ಎಂಬಂಥ ಮನೆಗೆಲಸಗಳನ್ನು ಶೇ. 95ರಷ್ಟು ಸರಿಯಾಗಿ ಗುರುತಿಸಿತು. ಅದರಲ್ಲಿ ವಿಶೇಷ ತುಣುಕುಗಳೂ ಇರಲಿಲ್ಲ, ವಸ್ತುಗಳ ಸಹಜ ಸದ್ದೇ ಸಾಕಾಯಿತು.

ನಿಮ್ಮ ಮಾತನ್ನು ಕೇಳಿಸಿಕೊಂಡು ಉಳಿಸುವುದಿಲ್ಲ ಎಂದು ಕಂಪನಿ ಹೇಳಿದರೆ ಅದು ಭರವಸೆ. ಮುಂದಿನ ಅಪ್‌ಡೇಟ್‌ನಲ್ಲಿ ಬದಲಾಗಬಹುದು. ಕೇಳುವ ಸಾಮರ್ಥ್ಯವೇ ಸರ್ಕ್ಯೂಟ್‌ನಲ್ಲಿ ಇಲ್ಲದಿದ್ದರೆ ಅದನ್ನು ಆ್ಯಪ್ ಅಪ್‌ಡೇಟ್ ಮಾಡಿ ತರಲಾಗುವುದಿಲ್ಲ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು: ಜರಡಿ ಯಾವುದರಲ್ಲಿದೆ, ಹಾರ್ಡ್‌ವೇರ್‌ನಲ್ಲೋ ಸಾಫ್ಟ್‌ವೇರ್‌ನಲ್ಲೋ?

ಇದರ ಮಿತಿಗಳೂ ಕಡಿಮೆಯೇನಿಲ್ಲ. ತುಣುಕಿಗೆ ಬ್ಯಾಟರಿ ಬೇಡ, ಆದರೆ ಕೇಳುವ ಕಿವಿಯನ್ನು ಗೋಡೆಯ ಪ್ಲಗ್‌ಗೆ ಹಾಕಲೇಬೇಕು. "ಬಾಗಿಲು ಅಲುಗಿತು" ಎಂದು ಅದು ಹೇಳುತ್ತದೆಯೇ ಹೊರತು "ಬಾಗಿಲು ಇನ್ನೂ ತೆರೆದಿದೆ" ಎಂದು ಹೇಳುವುದಿಲ್ಲ. ತೆರೆದಾಗ ಒಂದು, ಮುಚ್ಚಿದಾಗ ಒಂದು ದನಿ ಬರುವಂತೆ ಎರಡು ನಾಲಿಗೆ ಇಡಬಹುದು, ಆದರೂ ಒಂದು ದನಿ ತಪ್ಪಿದರೆ ಲೆಕ್ಕ ತಪ್ಪಿತು. ಎತ್ತರದ ಆವೃತ್ತಿಯ ದನಿಯನ್ನು ಗಾಳಿ ಬೇಗ ಹೀರುತ್ತದೆ, ದೊಡ್ಡ ಹಾಲ್‌ನ ಆಚೆ ತುದಿಗೆ ತಲುಪದೆ ಇರಬಹುದು. ಅದಕ್ಕೇ ಹೇಳುತ್ತೇನೆ, ಹೊಗೆಯ ಅಲಾರಂನಂಥ ಜೀವರಕ್ಷಕ ಸಾಧನಗಳ ಬ್ಯಾಟರಿಗೆ ಮಾತ್ರ ಕೈ ಹಚ್ಚಬೇಡಿ. ಮನೆಯಲ್ಲಿ ಈಜುಕೊಳವಿದ್ದರೆ ಅದರ ಗೇಟಿನ ಅಲಾರಂಗೂ ಇದೇ ಮಾತು.

ಮಕ್ಕಳ ಕಿವಿಯ ವಿಷಯ ಬೇರೆಯೇ. ನಮಗೆ ಕೇಳದ್ದು ಅವರಿಗೆ ಕೇಳಬಹುದು. ಬ್ರಿಟನ್‌ನ ಓದುಗರಿಗೆ ಮಸ್ಕಿಟೊ ಯಂತ್ರ ನೆನಪಿರಬಹುದು. ಅಂಗಡಿ ಮುಂದೆ ಗುಂಪುಗೂಡುವ ಹದಿಹರೆಯದವರನ್ನು ಓಡಿಸಲು ಹವರ್ಡ್ ಸ್ಟೇಪಲ್‌ಟನ್ 2005ರಲ್ಲಿ ವೇಲ್ಸ್‌ನಲ್ಲಿ ತಂದದ್ದು. ಸುಮಾರು 17,400 ಹರ್ಟ್ಜ್‌ನ ಅದರ ಕಿರುಚು ಎಳೆಯರಿಗೆ ಹಿಂಸೆ, ನಡುವಯಸ್ಸಿನವರಿಗೆ ನಿಶ್ಶಬ್ದ. ಮಕ್ಕಳಿರುವ ಮನೆಗೆ 20,000ದ ಅಂಚಿನಲ್ಲಿ ಹಾಡುವ ತುಣುಕು ಸರಿಯಲ್ಲ, ಇನ್ನೂ ಸಾಕಷ್ಟು ಮೇಲಿರಬೇಕು ಎಂಬುದು ನನ್ನ ಅಭಿಪ್ರಾಯ. ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ, ಬೆಕ್ಕಿಗೆ ಅದಕ್ಕಿಂತಲೂ ಮೇಲೆ. ಇದು ಸದಾ ಮೊಳಗುವ ದನಿಯಲ್ಲ, ಬಾಗಿಲು ತೆರೆದಾಗ ಕ್ಷಣ ಮಾತ್ರದ್ದು. ಆದರೂ ಮನೆಯ ನಾಯಿ ಕಿವಿ ನಿಮಿರಿಸಿದರೆ ಆಶ್ಚರ್ಯಪಡಬೇಡಿ.

ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿರುವ ಇನ್ನೊಂದು ಕಾರಣ ಊರಿನಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮ. ನಿಮ್ಮಲ್ಲಿ ಎಷ್ಟೋ ಜನ ಅವರ ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದ್ದೀರಿ, ನನಗೆ ಗೊತ್ತು. ಅಮ್ಮಂದಿರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಸೆರಗು ಸರಿಪಡಿಸಿಕೊಂಡೇ ಆ ಹಾಲ್ ದಾಟುತ್ತಾರೆ. ಬೆಳಿಗ್ಗೆ ಹಾಲಿನ ಫ್ರಿಜ್ ತೆರೆಯಿತು, ಮಾತ್ರೆ ಡಬ್ಬಿ ಅಲುಗಿತು, ದೇವರಮನೆ ಬಾಗಿಲು ಸರಿಯಿತು ಎಂದಷ್ಟೇ ತಿಳಿದರೆ ಸಾವಿರಾರು ಮೈಲಿ ಆಚೆಯ ನಮಗೆ ಸಾಕಲ್ಲವೇ? ನಮ್ಮೂರುಗಳಲ್ಲಿ ಕರೆಂಟ್ ಹೋಗುತ್ತದೆ, ಕಿವಿಗೂ ಇಂಟರ್ನೆಟ್ ಪೆಟ್ಟಿಗೆಗೂ ಯುಪಿಎಸ್ ಬೇಕಾಗುತ್ತದೆ. ಬಾಗಿಲಿಗೆ ಅಂಟಿಸಿದ ತುಣುಕಿಗೆ ಮಾತ್ರ ಏನೂ ಬೇಡ. ಬ್ಯಾಟರಿ ಬದಲಾಯಿಸಲು ಎಪ್ಪತ್ತು ದಾಟಿದ ಅಪ್ಪ ಸ್ಟೂಲ್ ಹತ್ತಬೇಕಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ.

ಇಂಥ ಲೋಹದ ತುಣುಕುಗಳು ಇನ್ನೂ ಪ್ರಯೋಗಾಲಯದ ವಸ್ತುಗಳು. ಬೆರಳಿನ ಶಕ್ತಿಯಿಂದ ನಡೆಯುವ ಸ್ವಿಚ್‌ಗಳು ಮಾತ್ರ ಈಗಲೇ ಸಿಗುತ್ತವೆ. ಅಲ್ಲಿಯವರೆಗೆ ಬಟನ್ ಬ್ಯಾಟರಿಯ ಸೆನ್ಸರ್‌ಗಳನ್ನು ಮಗುವಿನ ಕೈಗೆಟುಕದ ಎತ್ತರಕ್ಕೆ, ಬಾಗಿಲಿನ ಮೇಲ್ಭಾಗಕ್ಕೆ ಅಂಟಿಸಿ. ಸ್ಕ್ರೂ ಇಲ್ಲದ ಮುಚ್ಚಳದ ಹಣತೆಗಳನ್ನು ಮನೆಗೆ ತರಬೇಡಿ. ತೆಗೆದ ಹಳೆಯ ಬ್ಯಾಟರಿಯ ಎರಡೂ ಬದಿಗೆ ಟೇಪ್ ಅಂಟಿಸಿ, ಮಗುವಿಗೆ ಸಿಗದ ಕಡೆ ಇಟ್ಟು, ರೀಸೈಕಲ್‌ಗೆ ಕೊಡಿ.

ಮಕ್ಕಳೊಂದಿಗೆ ಆಡಲು ಒಂದು ಆಟವಿದೆ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಇದನ್ನು ಎರಡು ಸಲ ಆಡಿಸಿದ್ದೇನೆ. ಮಕ್ಕಳು ಕಣ್ಣು ಮುಚ್ಚಿ ಕೂರಬೇಕು. ನೀವು ಮನೆಯ ವಸ್ತುಗಳಿಂದ ಒಂದೊಂದೇ ಸದ್ದು ಮಾಡಿ: ಸ್ಟೀಲ್ ಲೋಟ, ಬಳೆ, ಕೀ ಗೊಂಚಲು, ಚಪ್ಪಲಿ, ಡ್ರಾಯರ್. ಅದು ಏನು ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಒಂದು ಅಂಕ, ಅದರ ಸದ್ದನ್ನು ಕನ್ನಡದಲ್ಲಿ ಹೇಳಿದರೆ ಎರಡು. ಲೋಟ ಟಣ್ ಎನ್ನುತ್ತದೆ, ಬಳೆ ಕಿಣಿಕಿಣಿ, ಕೀಲಿ ಝಣಝಣ, ಚಪ್ಪಲಿ ಟಪಟಪ, ಎಣ್ಣೆ ಕಾಣದ ಬಾಗಿಲು ಕಿರ್ರ್. ಹೊಸ ಸದ್ದಿಗೆ ಮಕ್ಕಳೇ ಪದ ಕಟ್ಟಿದರೆ ಅದನ್ನೂ ಒಪ್ಪಿಕೊಳ್ಳಿ, ನಮ್ಮ ಹಿರಿಯರೂ ಹೀಗೇ ಕಟ್ಟಿದ್ದು. ದೊಡ್ಡ ಮಕ್ಕಳಿಗೆ ಸದ್ದು, ದನಿ, ಸಪ್ಪಳ, ಗದ್ದಲ, ನಾದ ಇವುಗಳಲ್ಲಿ ಯಾವುದು ಎಲ್ಲಿ ಸರಿ ಎಂದು ಕೇಳಿ. ಹೆಜ್ಜೆಯದು ಸಪ್ಪಳ, ತಂಬೂರಿಯದು ನಾದ, ತರಗತಿಯದು ಗದ್ದಲ. ಆಮೇಲೆ ಫೋನಿನಲ್ಲಿ ಧ್ವನಿಯ ಆವೃತ್ತಿ ತೋರಿಸುವ ಉಚಿತ ಆ್ಯಪ್ ತೆರೆದು ಅದರ ಮುಂದೆ ಕೀ ಗೊಂಚಲು ಅಲುಗಿಸಿ. ಸಾಮಾನ್ಯವಾಗಿ ಫೋನ್ ಹೆಚ್ಚೆಂದರೆ 24,000 ಹರ್ಟ್ಜ್‌ವರೆಗೆ ಮಾತ್ರ ತೋರಿಸಬಲ್ಲದು, ಕೀಲಿಗಳ ಝಣಝಣ ಅದಕ್ಕೂ ಆಚೆ ಹೋಗುತ್ತದೆ. ಯಾವ ಗೆರೆಯ ಮೇಲಿನದು ನಮಗೆ ಕೇಳಿಸುತ್ತಿಲ್ಲ ಎಂದು ಮಕ್ಕಳೇ ಬೆರಳಿಟ್ಟು ತೋರಿಸಲಿ.

ದನದ ಗಂಟೆಯ ಕಥೆ ಹೇಳಿದ ದಿನ ಏಳು ವರ್ಷದ ಹುಡುಗನೊಬ್ಬ ಕೇಳಿದ: "ಸದ್ದೇ ಕೇಳದ ಗಂಟೆ ಕಟ್ಟಿದ್ರೆ ದನಕ್ಕಾದ್ರೂ ಕೇಳ್ಸುತ್ತಾ?" ದನಕ್ಕೆ ಸುಮಾರು 35,000 ಹರ್ಟ್ಜ್‌ವರೆಗೆ ಕೇಳುತ್ತದೆ. 25,000ದ ಗಂಟೆಯಾದರೆ ಕೇಳುತ್ತದೆ, ಆ್ಯಡ್ಲರ್‌ನ ಸಲಾಕೆ ಕಟ್ಟಿದರೆ ಕೇಳುವುದಿಲ್ಲ ಎಂದೆ. ಅವನು ಸ್ವಲ್ಪ ಯೋಚಿಸಿ, ಹಾಗಾದರೆ 40,000ದ್ದೇ ಕಟ್ಟಿ, ಪಾಪ ಅದಕ್ಕೆ ನೆಮ್ಮದಿ ಎಂದ.